ಕಿತ್ತು ನೋಡದ ಕೇಬಲ್

ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳ ಬರೆಯುವವರಿಗೆ ಮಾತ್ರ. ಉಳಿದವರಿಗೆಲ್ಲ ಅವನು ಹಸಿರಣ್ಣ. ಗಿಡಮರಗಳ ಮೇಲಿನ ಪ್ರೀತಿಯಿಂದ ಬಂದ ಹೆಸರೇನಲ್ಲ ಅದು; ಮೇಜಿನ ಮೇಲೆ ಹೂಕುಂಡ ಇಟ್ಟರೆ ವಾರದೊಳಗೆ ಒಣಗಿಸಿ ಕೈಗೆ ಕೊಡುವ ಆಸಾಮಿ. ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಅವನ ಬೆನ್ನಹಿಂದಿನ ಗೋಡೆಗೆ ಒಂದು ದೊಡ್ಡ ಪರದೆ ಹಾಕಿತ್ತು. ಆಸ್ಪತ್ರೆಯ ಯಾವ ಯಂತ್ರ ಎದ್ದಿದೆ, ಯಾವ ಲೈನು ಬಿದ್ದಿದೆ ಎಂದು ತೋರಿಸುವ ಮಾನಿಟರಿಂಗ್ ಪರದೆ. ಎಲ್ಲ ನೆಟ್ಟಗಿದ್ದರೆ ಹಸಿರು ಚುಕ್ಕೆ, ಕೆಟ್ಟರೆ ಕೆಂಪು. ಯಾರು ಏನು ದೂರು ಹೇಳಿಕೊಂಡು ಫೋನ್ ಮಾಡಿದರೂ ಇವನು ಕುರ್ಚಿಯಲ್ಲೇ ಅರ್ಧ ತಿರುಗಿ ಅದನ್ನು ನೋಡಿ, ನನ್ನ ಕಡೆ ಎಲ್ಲಾ ಹಸಿರು ಎನ್ನುತ್ತಿದ್ದ. ತೊಂದರೆ ಏನಿದ್ದರೂ ನಿಮ್ಮ ಕಡೆಯದು, ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ ಎಂದು ಅದರ ಅರ್ಥ. ನರ್ಸುಗಳು ಮೊದಮೊದಲು ಸಿಟ್ಟಾದರು, ಆಮೇಲೆ ಹೆಸರಿಟ್ಟರು.

ಹಾಗಂತ ಅವನು ಕೆಲಸಗಳ್ಳನಲ್ಲ. ತಲೆತುಂಬ ಕೂದಲಿದ್ದ ಕಾಲದಲ್ಲಿ ಆ ನೆಲಮಾಳಿಗೆಗೆ ಇಳಿದವನು ನೆತ್ತಿ ಬೋಳಾಗುವವರೆಗೂ ಅಲ್ಲೇ ಉಳಿದಿದ್ದ. ಅವನ ಯೂನಿಕ್ಸ್ ಸರ್ವರ್‌ಗಳು ಒಮ್ಮೆ ಎದ್ದರೆ ವರ್ಷಗಟ್ಟಲೆ ಮಲಗುತ್ತಿರಲಿಲ್ಲ. ಹೆಂಡತಿಯ ಹುಟ್ಟಿದ ದಿನ ಮರೆತರೂ ಯಾವ ಸರ್ವರ್ ಕೊನೆಯ ಸಲ ಯಾವಾಗ ನಿಂತಿತ್ತು ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದ. ಅವನಿಗೆ ಈ ಕೆಲಸ ಕಲಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮಾತು ಕಡಿಮೆ, ಬೈಗುಳ ಜಾಸ್ತಿ. ಸರ್ವರ್‌ನಲ್ಲಿ ಒಂದು ಸ್ಕ್ರೂ ಬದಲಾಯಿಸಿದರೂ ಸರಿ, ಕೆಲಸ ಮುಗಿದ ಮೇಲೆ ನೆಟ್‌ವರ್ಕ್ ಕೇಬಲ್ಲನ್ನು ಕೈಯಾರೆ ಒಮ್ಮೆ ಕಿತ್ತು, ಪರದೆಯಲ್ಲಿ ಚುಕ್ಕೆ ಕೆಂಪಾಗುವುದನ್ನು ಕಣ್ಣಾರೆ ನೋಡಿ, ಮತ್ತೆ ಸಿಕ್ಕಿಸಿ, ಆಮೇಲೆ ಮನೆಗೆ ಹೋಗಬೇಕು ಎನ್ನುವುದು ಅವರ ಕಟ್ಟಪ್ಪಣೆ. ಹಸಿರು ತೋರಿಸೋಕೆ ಯಾವ ಯಂತ್ರಕ್ಕೂ ಬರುತ್ತೆ, ಕೆಂಪು ತೋರಿಸೋಕೆ ಬರುತ್ತಾ ನೋಡೋ ಎಂದು ಗದರುತ್ತಿದ್ದರು. ಅವರಿದ್ದಷ್ಟು ಕಾಲ ಹಸಿರಣ್ಣ ಆ ಮಾತು ಮೀರಲಿಲ್ಲ.

ಲ್ಯಾಬಿನ ಸರ್ವರ್‌ನಲ್ಲಿ ಕೇಬಲ್ ಸಿಕ್ಕಿಸುವ ಎರಡು ನೆಟ್‌ವರ್ಕ್ ಕಾರ್ಡುಗಳಿದ್ದವು. ಒಂದು ಎಂದೋ ಸತ್ತಿತ್ತು. ರಕ್ತಪರೀಕ್ಷೆಯ ವರದಿಗಳೆಲ್ಲ ಇನ್ನೊಂದರ ಮೂಲಕ ಲ್ಯಾಬಿನಿಂದ ಬಂದು ವಾರ್ಡುಗಳಿಗೆ ಹೋಗುತ್ತಿದ್ದವು. ಒಂದು ರಜಾದಿನ, ಆಸ್ಪತ್ರೆ ಸ್ವಲ್ಪ ಉಸಿರಾಡುತ್ತಿದ್ದಾಗ, ಹಸಿರಣ್ಣ ಸರ್ವರ್ ನಿಲ್ಲಿಸಿ ಆ ಸತ್ತ ಕಾರ್ಡನ್ನು ಕಿತ್ತು ಬಿಸಾಡಿದ. ಅಟ್ಟ ಗುಡಿಸಿದಷ್ಟು ಸಮಾಧಾನವಾಯಿತು. ಸರ್ವರ್ ಎಬ್ಬಿಸಿ ಪರದೆ ನೋಡಿದ. ಹಸಿರು. ಇನ್ನು ಕೇಬಲ್ ಕಿತ್ತು ನೋಡಬೇಕಿತ್ತು. ಅದಕ್ಕೆ ಲ್ಯಾಬಿಗೆ ಫೋನ್ ಮಾಡಿ ಒಂದು ನಿಮಿಷ ಏನೂ ಕಳಿಸಬೇಡಿ ಎಂದು ಹೇಳಬೇಕು, ಅವರು ಯಾಕೆ ಏನು ಎಂದು ಕೇಳುತ್ತಾರೆ, ಅವರಿಗೆಲ್ಲ ಬಿಡಿಸಿ ಹೇಳಬೇಕು. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು, ನೆಂಟರು ಬಂದು ಕೂತಿದ್ದಾರೆ, ಎಲ್ಲಿದ್ದೀರಿ ಎಂದು. ಹಸಿರಿದೆಯಲ್ಲ, ಇನ್ನೇನು ಎಂದುಕೊಂಡು ಬೀಗ ಹಾಕಿ ಹೊರಟುಬಿಟ್ಟ.

ಇದಾಗಿ ಕೆಲವು ತಿಂಗಳಿಗೆ ಲ್ಯಾಬಕ್ಕನ ಪ್ರಕರಣ ನಡೆಯಿತು. ಲ್ಯಾಬಕ್ಕ ಎಂದರೆ ರಕ್ತಪರೀಕ್ಷೆ ಮಾಡುವ ಟೆಕ್ನಿಷಿಯನ್. ಹಸಿರಣ್ಣನಿಗಿಂತ ಚಿಕ್ಕವಳು, ಆದರೂ ಅವನ ಬಾಯಲ್ಲೂ ಲ್ಯಾಬಕ್ಕನೇ. ಗಂಡ ತೀರಿಕೊಂಡ ಮೇಲೆ ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಗಳು, ಇಬ್ಬರನ್ನೂ ಈ ಕೆಲಸದಿಂದಲೇ ಸಾಕುತ್ತಿದ್ದಳು. ಅವಳಿಗೊಂದು ಅಭ್ಯಾಸವಿತ್ತು. ವರದಿ ಕಳಿಸುವ ಬಟನ್ ಒತ್ತಿದ ಪ್ರತಿಸಲವೂ ತನಗೆ ತಾನೇ "ಹೋಯ್ತು" ಎಂದು ಸಣ್ಣಗೆ ಹೇಳಿಕೊಳ್ಳುವಳು. ಹೋಯ್ತಾ ಲ್ಯಾಬಕ್ಕ, ಬಸ್ಸಾ ರೈಲಾ ಎಂದು ಜೊತೆಯವರು ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು, ಮುಂದಿನ ವರದಿಗೆ ಮತ್ತೆ ಹೋಯ್ತು ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ, ಉಳಿದವರೆಲ್ಲ ಊಟಕ್ಕೆ ಹೋಗಿದ್ದಾಗ, ಅವಳೊಬ್ಬಳೇ ಒಬ್ಬ ಮುದುಕರ ರಕ್ತ ಪರೀಕ್ಷೆ ಮಾಡಿದಳು. ಪೊಟ್ಯಾಸಿಯಂ ವಿಪರೀತ ಏರಿತ್ತು. ಕೂಡಲೇ ಚಿಕಿತ್ಸೆ ಸಿಗದಿದ್ದರೆ ಹೃದಯ ನಿಲ್ಲುವಷ್ಟು. ಹಿಂದೆಲ್ಲ ಇಂಥ ವರದಿ ಬಂದರೆ ವಾರ್ಡಿಗೆ ಫೋನ್ ಮಾಡುತ್ತಿದ್ದರು. ಕಂಪ್ಯೂಟರೇ ಕೆಂಪು ಗುರುತು ಹಾಕಿ ತಲುಪಿಸುತ್ತದೆ, ಫೋನ್ ಬೇಡ ಎಂದು ಎಲ್ಲರಿಗೂ ಹೇಳಿ ಆ ಪದ್ಧತಿ ನಿಲ್ಲಿಸಿದ್ದು ನೆಲಮಾಳಿಗೆಯವರೇ, ಅಂದರೆ ಹಸಿರಣ್ಣನೇ. ವರದಿ ವಾರ್ಡಿಗೆ ಬರಲಿಲ್ಲ. ಸಂಜೆ ಹೊತ್ತಿಗೆ ಮುದುಕರು ಕುಸಿದರು. ತುರ್ತು ಘಟಕಕ್ಕೆ ಎತ್ತಿಕೊಂಡು ಓಡಿದರು. ಪುಣ್ಯಕ್ಕೆ ಜೀವ ಉಳಿಯಿತು. ಅವರ ಮಕ್ಕಳು ಆಸ್ಪತ್ರೆ ಎತ್ತಿ ಕುಕ್ಕಿದರು, ಯಾರ ತಪ್ಪು ಹೇಳಿ ಎಂದು ಪಟ್ಟು ಹಿಡಿದರು. ವಿಚಾರಣೆಗೆ ಸಮಿತಿ ಕೂತಿತು.

ಲ್ಯಾಬಕ್ಕ ಕಳಿಸಿದೆ ಎಂದಳು. ಸರ್ವರ್‌ನಲ್ಲಿ ಅಂಥ ವರದಿ ಬಂದ ಗುರುತೇ ಇರಲಿಲ್ಲ. ನಡುವೆ ಲೈನು ಬಿದ್ದಿತ್ತೇ ಎನ್ನುವುದೊಂದೇ ಉಳಿದ ಪ್ರಶ್ನೆ, ಅದಕ್ಕೆ ಉತ್ತರ ಹೇಳಲು ಹಸಿರಣ್ಣನನ್ನು ಕರೆಸಿದರು. ಅವನು ಆ ಮಧ್ಯಾಹ್ನದ ಗ್ರಾಫ್ ತೆಗೆದುಕೊಂಡೇ ಹೋಗಿದ್ದ. ಉದ್ದಕ್ಕೂ ಕಡಿಯದ ಗೆರೆ, ಪಕ್ಕದಲ್ಲಿ ಹಸಿರು ಚುಕ್ಕೆ. ಸಮಿತಿಗೆ ಹಿರಿಯ ಡಾಕ್ಟರಮ್ಮ ಒಬ್ಬರು ಅಧ್ಯಕ್ಷರು. ಖಂಡಿತಾನಾ ಎಂದು ಅವರು ಎರಡು ಸಲ ಕೇಳಿದರು.

"ಒಂದು ಕ್ಷಣಾನೂ ಬಿದ್ದಿಲ್ಲ ಮೇಡಂ. ನನ್ನ ಕಡೆ ಎಲ್ಲಾ ಹಸಿರು."

ಯಾರೋ ಕಿಸಕ್ಕನೆ ನಕ್ಕರು. ಹಸಿರಣ್ಣನೂ ಸ್ವಲ್ಪ ನಕ್ಕ. ಲ್ಯಾಬಕ್ಕ ಮಾತ್ರ ಮೇಜಿನ ಆಚೆಯಿಂದ ಅವನನ್ನೇ ನೋಡುತ್ತಿದ್ದಳು. ಸಿಟ್ಟಿನ ನೋಟವಲ್ಲ; ಗೊತ್ತಿರುವವರನ್ನು ದಾರಿ ಕೇಳುವಾಗ ನೋಡುತ್ತೇವಲ್ಲ, ಹಾಗೆ. ಅವನು ಗ್ರಾಫ್ ಮಡಚಿಕೊಂಡು ಎದ್ದು ಬಂದ. ಅವಳನ್ನು ಕೆಲಸದಿಂದ ದೂರವಿಟ್ಟು ಮನೆಗೆ ಕಳಿಸಿದರು. ಪಾಪ, ಒಳ್ಳೆಯ ಹೆಂಗಸು, ಏನೋ ಮರೆವು ಎಂದು ಹಸಿರಣ್ಣ ಕ್ಯಾಂಟೀನಿನಲ್ಲಿ ನಾಲ್ಕು ಜನರೆದುರು ಮರುಕಪಟ್ಟ. ಆ ಮರುಕವನ್ನು ನೆನೆಸಿಕೊಂಡರೆ ಮುಂದೆ ಅವನಿಗೆ ಮೈ ಉರಿಯುತ್ತಿತ್ತು.

ಸಂಗತಿ ಹೊರಬಿದ್ದದ್ದು ಹೀಗೆ. ಕಡತ ಮುಗಿಸಲು ಆಡಳಿತಾಧಿಕಾರಿ ಅದೇ ಗ್ರಾಫನ್ನು ದೊಡ್ಡದಾಗಿ, ಬಣ್ಣದಲ್ಲಿ ಕಳಿಸಿ ಎಂದರು. ಗ್ರಾಫಿನಲ್ಲಿ ಎರಡು ಗೆರೆ ಬರಬೇಕು: ಸರ್ವರ್‌ಗೆ ಬಂದದ್ದು ನೀಲಿ, ಸರ್ವರ್‌ನಿಂದ ಹೋದದ್ದು ಕಿತ್ತಳೆ. ದೊಡ್ಡದು ಮಾಡಿದಾಗ ಕಂಡದ್ದು ಕಿತ್ತಳೆ ಒಂದೇ. ನೀಲಿ ಎಲ್ಲಿ ಹೋಯಿತು ಎಂದು ಹುಡುಕಿದ. ಅದು ಕಿತ್ತಳೆಯ ಕೆಳಗೇ ಅಡಗಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಬಂದಷ್ಟೇ ಹೋಗಿದೆ, ಹೋದಷ್ಟೇ ಬಂದಿದೆ, ಕೊನೆಯ ಅಂಕಿಯವರೆಗೂ. ಯಾವ ಲೈನಿನಲ್ಲೂ ಹೀಗಾಗುವುದಿಲ್ಲ. ಈ ಗೆರೆಯನ್ನು ತಿಂಗಳುಗಟ್ಟಲೆ ಎದುರಿಗಿಟ್ಟುಕೊಂಡು ಚಹಾ ಕುಡಿದವನು ಅವನು. ಎಷ್ಟು ಅಚ್ಚುಕಟ್ಟಾಗಿದೆ ಎಂದು ಒಂದೆರಡು ಸಲ ಮೆಚ್ಚಿಕೊಂಡೂ ಇದ್ದ.

ಸರ್ವರ್‌ಗೆ ಹೊಕ್ಕು ಅದರ ನೆಟ್‌ವರ್ಕ್ ದಾರಿಗಳನ್ನೆಲ್ಲ ನಂಬರಿನ ಸಮೇತ ತೋರಿಸುವ ಆಜ್ಞೆ ಟೈಪ್ ಮಾಡಿದ. ಮಾನಿಟರಿಂಗ್ ಪ್ರೋಗ್ರಾಂ ದಾರಿಗಳನ್ನು ಹೆಸರಿನಿಂದಲ್ಲ, ನಂಬರಿನಿಂದ ಗುರುತಿಸುತ್ತಿತ್ತು. ಸತ್ತ ಕಾರ್ಡು ಒಂದನೆಯದು, ಲ್ಯಾಬಿನ ಕಾರ್ಡು ಎರಡನೆಯದು. ಎರಡನೆಯದರ ಮೇಲೆ ಕಣ್ಣಿಟ್ಟಿರು ಎಂದು ಪ್ರೋಗ್ರಾಂಗೆ ಹೇಳಿಟ್ಟವನೂ ಅವನೇ. ಸತ್ತದ್ದನ್ನು ಕಿತ್ತ ದಿನ ಸಾಲಿನಲ್ಲಿದ್ದವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದಿದ್ದರು. ಲ್ಯಾಬಿನ ಕಾರ್ಡು ಒಂದನೆಯದಾಗಿತ್ತು. ಎರಡನೆಯ ಜಾಗದಲ್ಲಿ ಈಗ ನಿಂತದ್ದು ಮೊದಲು ಮೂರನೆಯದಾಗಿದ್ದ ಲೂಪ್‌ಬ್ಯಾಕ್. ಸರ್ವರ್ ತನ್ನೊಡನೆ ತಾನೇ ಮಾತಾಡಿಕೊಳ್ಳಲು ಒಳಗೇ ಇಟ್ಟುಕೊಂಡ ದಾರಿ ಅದು. ಅದಕ್ಕೆ ಕೇಬಲ್ಲೇ ಇಲ್ಲ, ಹಾಗಾಗಿ ಅದು ಎಂದೂ ಕಡಿಯುವುದಿಲ್ಲ. ಇಷ್ಟು ದಿನ ಅವನು ಊರಿಗೆಲ್ಲ ಹಸಿರು ಹಸಿರು ಎಂದು ಸಾರಿದ್ದು ಆ ಒಳಮಾತನ್ನು ನೋಡಿ.

ಎದ್ದು ಸರ್ವರ್ ಬೀರುವಿನ ಹಿಂದಕ್ಕೆ ಹೋದ. ಲ್ಯಾಬಿನ ಕೇಬಲ್ಲಿನ ತುದಿಯಲ್ಲಿ ಹಿಡಿದಿಡುವ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಬೆರಳು ತಾಗಿದರೆ ಲೈನಿನ ಪುಟ್ಟ ದೀಪ ಆರುತ್ತಿತ್ತು, ಬಿಟ್ಟರೆ ಹತ್ತುತ್ತಿತ್ತು. ಪಕ್ಕದ ಫ್ಯಾನಿನ ನಡುಕಕ್ಕೇ ಅದು ಆಗೀಗ ಸಡಿಲವಾಗಿ ಮತ್ತೆ ಕೂರುತ್ತಿದ್ದಿರಬೇಕು. ಕಳೆದ ತಿಂಗಳು ಲ್ಯಾಬಕ್ಕ ಫೋನ್ ಮಾಡಿ, ಅಣ್ಣಾ ಆಗಾಗ ಒಂದು ಗಳಿಗೆ ನಿಂತು ಹೋಗುತ್ತೆ ನೋಡಿ ಎಂದದ್ದು ನೆನಪಾಯಿತು. ಏನು ಉತ್ತರ ಕೊಟ್ಟಿದ್ದ ಎನ್ನುವುದೂ ನೆನಪಾಯಿತು.

ಕೇಬಲ್ಲನ್ನು ಪೂರ್ತಿ ಕಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿ ಗೋಡೆ ನೋಡಿದ. ಹಸಿರು.

ಫೋನ್ ಹೊಡೆದುಕೊಂಡಿತು. ಲ್ಯಾಬಿನವರು, ಸಿಸ್ಟಂ ನಿಂತುಹೋಯಿತು ಎಂದರು. ಅಷ್ಟು ವರ್ಷದ ಅಭ್ಯಾಸ, ನನ್ನ ಕಡೆ ಎಂದು ಅವನ ಬಾಯಿ ಶುರುಮಾಡಿಯೇಬಿಟ್ಟಿತು. ಅಲ್ಲಿಗೇ ನಿಲ್ಲಿಸಿ, ಈಗ ಸರಿಮಾಡುತ್ತೇನೆ ಎಂದ. ಬೇರೆ ಕೇಬಲ್ ತಂದು ಹಾಕಿದ. ಸರ್ವರ್ ತನ್ನಷ್ಟಕ್ಕೆ ಬರೆದಿಡುವ ಲಾಗ್ ಸಾಲುಗಳನ್ನು ಆ ಮಧ್ಯಾಹ್ನದವರೆಗೆ ಹಿಂದಕ್ಕೆ ಓದಿದ. ಲಿಂಕ್ ಬಿತ್ತು, ಲಿಂಕ್ ಎದ್ದಿತು, ಬಿತ್ತು, ಎದ್ದಿತು. ಲ್ಯಾಬಕ್ಕ ಹೇಳಿದ ಹೊತ್ತಿಗೆ ಸರಿಯಾಗಿ ಅದು ಬಿದ್ದೇ ಇತ್ತು. ಲ್ಯಾಬಿನ ಹಳೆಯ ಪ್ರೋಗ್ರಾಂ ಆಚೆಯವರು ತೆಗೆದುಕೊಂಡರೋ ಇಲ್ಲವೋ ಕೇಳದೆ ಕಳಿಸಿದೆ ಎಂದು ತೋರಿಸಿ ಸುಮ್ಮನಾಗುವಂಥದ್ದು. ಅವಳು ಒತ್ತಿದ್ದಳು. ಹೋಯ್ತು ಎಂದೂ ಅಂದಿರಬೇಕು. ಈ ಸಾಲುಗಳನ್ನು ಓದಲು ವಿಚಾರಣೆಗೆ ಮುಂಚೆ ಐದು ನಿಮಿಷ ಸಾಕಿತ್ತು. ಹಸಿರಿತ್ತಲ್ಲ ಎಂದು ಓದಿರಲಿಲ್ಲ, ಅಷ್ಟೇ. ಹಸಿರಣ್ಣನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಡಳಿತಾಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಮುದುಕರು ಗುಣವಾಗಿ ಮನೆಗೆ ಹೋಗಿದ್ದಾರೆ, ಮಕ್ಕಳೂ ತಣ್ಣಗಾಗಿದ್ದಾರೆ, ಈಗ ಆಸ್ಪತ್ರೆಯ ಯಂತ್ರವೇ ಸರಿಯಿರಲಿಲ್ಲ ಎಂದು ನಾವೇ ಹೋಗಿ ಹೇಳಬೇಕೇ ಎಂದರು. ನೀವೂ ಸುಮಾರು ವರ್ಷದಿಂದ ಇದ್ದೀರಿ, ನಿಮ್ಮ ಕೆಲಸಕ್ಕೂ ಕುತ್ತು ಬರುತ್ತದೆ, ಯೋಚಿಸಿ ಎಂದೂ ಮೆತ್ತಗೆ ಸೇರಿಸಿದರು. ಹಾಗಾದರೆ ಆಕೆಯ ಗತಿ ಎಂದು ಹಸಿರಣ್ಣ ಕೇಳಿದ.

"ಆಕೆ ಒಪ್ಪಿಕೊಂಡಾಯ್ತಲ್ರೀ. ನಾನೇ ಕಳಿಸೋಕೆ ಮರೆತಿದ್ದೆ ಅಂತ ನಿನ್ನೆ ಬಂದು ಸಹಿ ಹಾಕಿ ಹೋದ್ರು. ಯಾರೂ ಬಲವಂತ ಮಾಡಿಲ್ಲ."

ಮಾಡದ ತಪ್ಪನ್ನು ಯಾರಾದರೂ ಯಾಕೆ ಒಪ್ಪಿಕೊಳ್ಳುತ್ತಾರೆ? ಹಸಿರಣ್ಣ ತನ್ನನ್ನೇ ಕೇಳಿಕೊಂಡ ಮರುಗಳಿಗೆ ಉತ್ತರ ಹೊಳೆಯಿತು, ಹೊಳೆಯದಿದ್ದರೇ ಚೆನ್ನಾಗಿತ್ತು. ಅವಳು ಸುಳ್ಳು ಹೇಳಿ ಸಹಿ ಹಾಕಿರಲಿಲ್ಲ. ನಿಜವೆಂದು ನಂಬಿಯೇ ಹಾಕಿದ್ದಳು. ಅವನ ಗೆರೆ ಅಷ್ಟು ನೆಟ್ಟಗಿತ್ತು.

ಆ ದಿನ ಅವನು ಬೇರೇನೂ ಮಾಡಲಿಲ್ಲ. ಮಾಡಬಹುದಿತ್ತು, ಮಾಡಲಿಲ್ಲ. ಕೆಲಸ ಹೋದರೆ ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ ಎಂದು ಒಮ್ಮೆ ಲೆಕ್ಕ ಹಾಕಿದ, ಅಂಥ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ಇನ್ನೊಮ್ಮೆ ನಾಚಿಕೊಂಡ. ಮನೆಗೆ ಬಂದು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ಮುಚ್ಚಿಟ್ಟದ್ದನ್ನು ಮುಖ ನೋಡಿಯೇ ಹೇಳುವ ಜಾತಿ. ಏನ್ರೀ, ಮನೇಲೂ ಎಲ್ಲಾ ಹಸಿರಾ ಎಂದು ಯಾವಾಗಲೂ ಛೇಡಿಸುವವಳು ಆ ದಿನ ಛೇಡಿಸಲಿಲ್ಲ. ಅವನೇ ಬಾಯಿಬಿಟ್ಟ. ನೆಂಟರು ಬಂದಿದ್ದಾರೆ ಎಂದು ಅವಳ ಫೋನ್ ಬಂದದ್ದರಿಂದ ಹಿಡಿದು ಕ್ಯಾಂಟೀನಿನ ಮರುಕದವರೆಗೆ ಒಂದನ್ನೂ ಬಿಡದೆ ಹೇಳಿದ. ಅವಳು ಪೂರ್ತಿ ಕೇಳಿದಳು.

"ಸಾಹೇಬ್ರಿಗೆ ಹೇಳಿದ್ರಿ, ನನಗೂ ಹೇಳಿದ್ರಿ. ಅವಳಿಗೆ ಯಾರು ಹೇಳ್ತಾರೆ?"

ಬೆಳಿಗ್ಗೆ ಅವನು ನೆಲಮಾಳಿಗೆಗೆ ಇಳಿಯಲೇ ಇಲ್ಲ. ಲಾಗ್ ಸಾಲುಗಳ ಪ್ರತಿಯನ್ನು ನೇರ ಹಿರಿಯ ಡಾಕ್ಟರಮ್ಮನ ಕೈಗೆ ಕೊಟ್ಟು, ನಾನು ಹೇಳಿದ್ದು ತಪ್ಪು, ಆಕೆ ಹೇಳಿದ್ದು ಸರಿ ಎಂದ. ಅವರು ಓದಿದರು. ನಾನು ಎರಡು ಸಲ ಕೇಳಿದ್ದೆ ಅಲ್ವೇ ಎಂದರು. ಹೌದು ಮೇಡಂ ಎಂದು ತಲೆ ತಗ್ಗಿಸಿದ. ಅವಳ ಮೇಲಿನ ಕ್ರಮವನ್ನು ತಡೆಹಿಡಿಯುತ್ತೇವೆ, ಮತ್ತೆ ಸಮಿತಿ ಕರೆಯುತ್ತೇವೆ, ಈ ಸಲ ನಿಮ್ಮ ವಿಚಾರಣೆಯೂ ಇರುತ್ತದೆ ಎಂದರು. ಇರಲಿ ಎಂದ. ಅಲ್ಲಿಂದ ಲ್ಯಾಬಕ್ಕನ ಮನೆ ವಿಚಾರಿಸಿಕೊಂಡು ಹೊರಟ.

ಕಿರಿದಾದ ಬೀದಿ, ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಬಾಗಿಲು ತೆರೆದದ್ದು ಮಗಳು. ಆಸ್ಪತ್ರೆಯವನು ಎಂದ ಕೂಡಲೇ ಅವಳ ಮುಖ ಗಂಟಾಯಿತು, ಆದರೂ ದಾರಿ ಬಿಟ್ಟು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಲ್ಯಾಬಕ್ಕ ಅಡುಗೆಮನೆಯಿಂದ ಬಂದಳು. ಬನ್ನಿ ಅಣ್ಣಾ ಕೂತ್ಕೊಳ್ಳಿ ಎಂದು ಕುರ್ಚಿ ಎಳೆದು ಕೊಟ್ಟವಳು, ಒಂದು ನಿಮಿಷ ಎಂದು ಮತ್ತೆ ಒಳಗೆ ಹೋದಳು. ಬಂದು ಕೂತಳು, ಪುನಃ ಎದ್ದು ಹೋದಳು. ಮೂಲೆಯ ಮಂಚದ ಮೇಲಿದ್ದ ಅತ್ತೆ ಹಸಿರಣ್ಣನ ಕಡೆ ವಾಲಿ, ಗ್ಯಾಸ್ ಆರಿಸಿದೀನಾ ಅಂತ ನೋಡೋಕೆ ಹೋಗೋದಪ್ಪ, ಈಚೆಗೆ ಹೀಗೇ ಎಂದರು. ಬೀಗ ಹಾಕಿದರೆ ಬೀದಿಯ ಕೊನೆಯಿಂದ ವಾಪಸು ಬಂದು ಎಳೆದು ನೋಡುತ್ತಾಳಂತೆ. ಔಷಧಿ ಕೊಟ್ಟೆನಾ ಅತ್ತೆ ಎಂದು ಕೊಟ್ಟ ಮೇಲೂ ಕೇಳುತ್ತಾಳಂತೆ. ಮೊದಲು ಹಾಗಿರಲಿಲ್ಲಪ್ಪ, ಎಷ್ಟು ಗಟ್ಟಿಗಿತ್ತಿ ಗೊತ್ತಾ ನನ್ನ ಸೊಸೆ ಎಂದು ಆ ಮುದುಕಿ ಹೇಳುವಾಗ ಹಸಿರಣ್ಣನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಲ್ಯಾಬಕ್ಕ ಬಂದು ಕೂತಾಗ ಅವನು ಬಾಯಿ ತೆರೆಯುವ ಮೊದಲೇ ಅವಳು ಸಮಾಧಾನ ಹೇಳತೊಡಗಿದಳು. ನೀವು ಬೇಜಾರು ಮಾಡ್ಕೋಬೇಡಿ ಅಣ್ಣಾ, ನೀವು ಇದ್ದದ್ದು ಹೇಳಿದ್ರಿ ಎಂದಳು. ಮೊದಲು ತನಗೂ ಸಿಟ್ಟು ಬಂದಿತ್ತು, ಆಮೇಲೆ ಕೂತು ಯೋಚಿಸಿದಾಗ ಅದೇ ಸರಿ ಅನ್ನಿಸಿತು ಎಂದಳು. ಅವಳ ದನಿಯಲ್ಲಿ ಅವನ ಮೇಲೆ ಒಂದಿಷ್ಟೂ ದೂರಿರಲಿಲ್ಲ. ಅದಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ನಿಮ್ಮ ಯಂತ್ರಕ್ಕೆ ನನ್ನ ಮೇಲೇನು ದ್ವೇಷ ಅಣ್ಣಾ? ಕಳಿಸಿದ್ದೆ ಅಂತ ನೆನಪಿದೆ, ಆದ್ರೆ ಅದು ಹಿಂದಿನ ದಿನದ ನೆನಪೇನೋ. ಒಬ್ಬ ಮುದುಕರನ್ನ ಸಾಯಿಸೋದ್ರಲ್ಲಿದ್ದೆ ನಾನು."

"ಇಲ್ಲ ಲ್ಯಾಬಕ್ಕ," ಎಂದ ಹಸಿರಣ್ಣ. "ನೀನು ಕಳಿಸಿದ್ದೆ. ಆ ಹೊತ್ತಿಗೆ ಲೈನು ಬಿದ್ದಿತ್ತು. ನಾನು ಬೇರೆ ಯಾವುದೋ ಲೈನು ನೋಡ್ಕೊಂಡು ಬಿದ್ದಿಲ್ಲ ಅಂದೆ. ತಪ್ಪು ನಂದು."

ಅವಳಿಗೆ ಅರ್ಥವಾಗಲಿಲ್ಲ. ಕಾರ್ಡು, ನಂಬರು, ಮುರಿದ ಕೊಕ್ಕೆ ಎಲ್ಲವನ್ನೂ ಬಿಡಿಸಿ ಹೇಳಿದ. ಕಿತ್ತು ನೋಡಬೇಕಿತ್ತು, ನೋಡಲಿಲ್ಲ ಎಂದ. ಡಾಕ್ಟರಮ್ಮನಿಗೆ ಎಲ್ಲ ತಿಳಿಸಿ ಬಂದಿದ್ದೇನೆ, ನಿನ್ನ ಮೇಲಿನ ಕ್ರಮ ತಡೆಹಿಡಿದಿದ್ದಾರೆ ಎಂದ. ಅವಳು ಅಲ್ಲಾಡದೆ ಕೇಳಿದಳು. ಕೆಳಗಿನ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ಹೊಡೆಯುತ್ತಿದ್ದರು. ನನ್ನನ್ನ ಕ್ಷಮಿಸಮ್ಮ ಎಂದು ಹಸಿರಣ್ಣ ಕೈ ಜೋಡಿಸಿದ.

"ಅದೆಲ್ಲ ಆಮೇಲೆ," ಎಂದಳು ಲ್ಯಾಬಕ್ಕ. ಎದ್ದು ಹೋಗಿ ಕೋಣೆಯ ಬಾಗಿಲು ತಟ್ಟಿ ಮಗಳನ್ನು ಕರೆದು ತಂದಳು. ಅಮ್ಮ ಹಾಗೆಲ್ಲ ಮರೆಯೋಳಲ್ಲ, ಸಹಿ ಹಾಕಬೇಡ ಎಂದು ಆ ಹುಡುಗಿ ಜಗಳವಾಡಿದ್ದಳಂತೆ. ನಾನೇ ಮರೆತದ್ದು, ನಿನಗೇನು ಗೊತ್ತು ಎಂದು ಅವಳ ಬಾಯಿ ಮುಚ್ಚಿಸಿ ಲ್ಯಾಬಕ್ಕ ಸಹಿ ಹಾಕಿ ಬಂದಿದ್ದಳು. ಅಂದಿನಿಂದ ತಾಯಿ ಮಗಳಿಗೆ ಮಾತು ಅಷ್ಟಕ್ಕಷ್ಟೇ.

"ಇನ್ನೊಂದ್ಸಲ ಹೇಳಿ ಅಣ್ಣಾ. ಇವಳೆದುರು ಹೇಳಿ."

ಹಸಿರಣ್ಣ ಕುರ್ಚಿಯಿಂದ ಎದ್ದು ನಿಂತ. ಸಮಿತಿಯ ಎದುರು ಕೂತುಕೊಂಡೇ ಮಾತಾಡಿದ್ದವನು ಆ ಹುಡುಗಿಯ ಎದುರು ನಿಂತು ಮೊದಲಿನಿಂದ ಹೇಳಿದ. ನಿಮ್ಮಮ್ಮ ಕಳಿಸಿದ್ದರು, ಮರೆತಿರಲಿಲ್ಲ, ನಾನು ನೋಡದೆ ಹೇಳಿದೆ ಎಂದ. ಹುಡುಗಿ ಅವನ ಕಡೆ ತಿರುಗಿಯೂ ನೋಡಲಿಲ್ಲ, ಅಮ್ಮನನ್ನೇ ನೋಡುತ್ತಿದ್ದಳು.

ಲ್ಯಾಬಕ್ಕ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಳು, ನಿಂತಳು, ಹೋಗದೆ ಹಿಂದಕ್ಕೆ ಬಂದು ಮಗಳ ಪಕ್ಕದಲ್ಲಿ ಕೂತಳು.

"ಹೋಯ್ತು ಅಂದಿದ್ದೆ ಕಣೇ," ಎಂದು ಮಗಳಿಗೆ ಹೇಳಿದಳು. "ಬಾಯಿಬಿಟ್ಟು ಅಂದಿದ್ದೆ."